ರೊಟಿಸರಿಯಲ್ಲಿ 5 ಕಿಲೋ ಬೀಫ್ ರಿಬ್ ರೋಸ್ಟ್: ಮೋಟಾರ್ ನಿಂತಿತು, ಒಂದು ಕಡೆ ಕರಕಲು, ನಡುವೆಲ್ಲ ಒಣಗಿತು. ಎಲ್ಲಿ ತಪ್ಪಿದೆ?

ಹ್ಯೂಸ್ಟನ್_ಮಂಗಳೂರಿಗ

ಎಲ್ಲರಿಗೂ ನಮಸ್ಕಾರ. ನನ್ನ ಊರು ಮಂಗಳೂರು, ಈಗ ಇರುವುದು ಹ್ಯೂಸ್ಟನ್‌ನಲ್ಲಿ. ಈ ಕ್ರಿಸ್‌ಮಸ್‌ಗೆ ಮನೆಗೆ 14 ಜನ ಬರುತ್ತಿದ್ದಾರೆ. ಅದಕ್ಕೂ ಮೊದಲು ಒಮ್ಮೆ ಮಾಡಿ ನೋಡೋಣ ಅಂತ ಹೋದ ಶನಿವಾರ ಗ್ಯಾಸ್ ಗ್ರಿಲ್ ಮೇಲೆ ರೊಟಿಸರಿ ಕಂಬಿ (ಮಾಂಸ ಚುಚ್ಚಿ ಮೋಟಾರ್‌ನಿಂದ ತಿರುಗಿಸುವ ಕಂಬಿ) ಕೂರಿಸಿ ಮೂಳೆ ಸಮೇತ ರಿಬ್ ರೋಸ್ಟ್, ಅಂದರೆ ಪಕ್ಕೆಲುಬಿನ ದೊಡ್ಡ ತುಂಡು, ಸುಟ್ಟೆ. 5 ಮೂಳೆಯ ತುಂಡು, ತೂಕ 5 ಕಿಲೋಗಿಂತ ಸ್ವಲ್ಪ ಜಾಸ್ತಿ.

ಬೆಳಗ್ಗೆ ಉಪ್ಪು, ಕಾಳುಮೆಣಸು, ಜಜ್ಜಿದ ಬೆಳ್ಳುಳ್ಳಿ ಹಚ್ಚಿದೆ. ಕಂಬಿ ಚುಚ್ಚಿ, ಮಾಂಸ ಜಾರದಂತೆ ಹಿಡಿಯುವ ಫೋರ್ಕ್ ಬಿಗಿದೆ. ಮೂರೂ ಬರ್ನರ್ ಹಚ್ಚಿ ಮುಚ್ಚಳ ಹಾಕಿದೆ. ಪೌಂಡಿಗೆ 20 ನಿಮಿಷ ಅಂತ ಓದಿದ್ದೆ, 11 ಪೌಂಡಿಗೆ 3 ಗಂಟೆ 40 ನಿಮಿಷ ಅಂತ ಲೆಕ್ಕ ಹಾಕಿದೆ. ಒಂದು ಗಂಟೆ ಆಗುವಷ್ಟರಲ್ಲಿ ಮೋಟಾರ್ ಕಟಕಟ ಅನ್ನಲು ಶುರುವಾಯಿತು, ಆಮೇಲೆ ನಿಂತೇ ಹೋಯಿತು. ನಾನು ನೋಡುವಷ್ಟರಲ್ಲಿ ಮೂಳೆಯ ಕಡೆ ಕೆಳಗೆ ತಿರುಗಿ ನಿಂತು, ನೆಣ ಬರ್ನರ್ ಮೇಲೆ ಸುರಿದು ಧಗ್ಗನೆ ಉರಿಯುತ್ತಿತ್ತು. ಉಳಿದ ಹೊತ್ತು ಐದೈದು ನಿಮಿಷಕ್ಕೆ ಕೈಯಿಂದಲೇ ತಿರುಗಿಸಿದೆ. ಕೊನೆಗೆ ಕತ್ತರಿಸಿದಾಗ ನಡುವೆ 70 ಡಿಗ್ರಿ ಸೆಲ್ಸಿಯಸ್. ಬೂದು ಬಣ್ಣ, ಬಾಯಲ್ಲಿ ನಾರು ನಾರು.

ಮೋಟಾರ್ ಡಬ್ಬದ ಮೇಲೆ 9 ಕಿಲೋ ಎಳೆಯುತ್ತದೆ ಅಂತ ಬರೆದಿದೆ. ಹಾಗಿದ್ದರೆ 5 ಕಿಲೋಗೇ ಯಾಕೆ ನಿಂತಿತು? ಈ ತುಂಡು ಅಗ್ಗದ್ದಲ್ಲ. ಇನ್ನೊಮ್ಮೆ ಕೆಡಿಸಲು ಮನಸ್ಸಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಕೆಂಡದಮನೆ

ಮೋಟಾರ್ ಸೋತಿದ್ದು ತೂಕಕ್ಕಲ್ಲ, ವಾಲಿದ್ದಕ್ಕೆ. ಡಬ್ಬದ ಮೇಲಿನ 9 ಕಿಲೋ ಎಂಬ ಮಾತು ಭಾರವೆಲ್ಲ ಕಂಬಿಯ ಸುತ್ತ ಸಮನಾಗಿ ಇದ್ದಾಗ ಮಾತ್ರ ನಿಜ.

ಲೆಕ್ಕ ನೋಡಿ. 5 ಕಿಲೋ ಮಾಂಸದ ತೂಕದ ನಡು ಕಂಬಿಯಿಂದ ಬರೀ 2 ಸೆಂಟಿಮೀಟರ್ ಆಚೆ ಇದ್ದರೂ ಸಾಕು. ಪ್ರತಿ ಸುತ್ತಿನಲ್ಲೂ ಮೋಟಾರ್ ಆ ಭಾರದ ಕಡೆಯನ್ನು ಮೇಲಕ್ಕೆ ಎತ್ತಬೇಕು. ಮೇಲೆ ಹೋದದ್ದು ಆಚೆ ಕಡೆ ಧೊಪ್ಪನೆ ಬೀಳುತ್ತದೆ. ನೀವು ಕೇಳಿದ ಕಟಕಟ ಸದ್ದು ಅದೇ, ಗಿಯರ್‌ಗೆ ಬೀಳುವ ಪೆಟ್ಟು. ಬಾವಿಯ ರಾಟೆಯಲ್ಲಿ ಕೊಡ ಎಳೆಯುವಾಗ ಹಗ್ಗ ಜಾರಿದರೆ ಕೈಗೆ ಹೇಗೆ ಜಗ್ಗುತ್ತದೆ, ಹಾಗೆ. ಒಂದು ಗಂಟೆ ತಡೆದುಕೊಂಡಿದ್ದೇ ದೊಡ್ಡದು.

ರಿಬ್ ರೋಸ್ಟ್‌ನಲ್ಲಿ ಮೂಳೆಗಳೆಲ್ಲ ಒಂದೇ ಪಕ್ಕಕ್ಕೆ ಇರುತ್ತವೆ. ಕಣ್ಣಳತೆಯಲ್ಲಿ ನಡು ಅನ್ನಿಸಿದ್ದು ತೂಕದಲ್ಲಿ ನಡು ಆಗಿರುವುದಿಲ್ಲ. ನನ್ನ ಸಲಹೆ ಇಷ್ಟು: ರೊಟಿಸರಿಗೆ ಹಾಕುವುದಾದರೆ ಮೂಳೆ ಬಿಡಿಸಿಬಿಡಿ. ಮಾಂಸವನ್ನು ಉದ್ದ ಸಿಲಿಂಡರ್ ಆಕಾರಕ್ಕೆ ತಂದು ಹತ್ತಿಯ ಹುರಿಯಿಂದ 3 ಸೆಂಟಿಮೀಟರ್‌ಗೆ ಒಂದರಂತೆ ಕಟ್ಟಿ. ಬಿಗಿಯಾಗಿ ಕಟ್ಟಿ, ಆದರೆ ಹುರಿ ಮಾಂಸದೊಳಗೆ ಹೂತು ಹೋಗುವಷ್ಟು ಬೇಡ. ಪ್ಲಾಸ್ಟಿಕ್ ದಾರ ಮುಟ್ಟಲೇಬೇಡಿ. ಮೂಳೆಗಳನ್ನು ಬೇರೆ ಟ್ರೇನಲ್ಲಿ ಹುರಿಯಬಹುದು.

ಆಮೇಲೆ ಮುಖ್ಯವಾದ ಕೆಲಸ. ಕಂಬಿ ಚುಚ್ಚಿ ಫೋರ್ಕ್ ಬಿಗಿದ ಮೇಲೆ ಗ್ರಿಲ್ ಹತ್ತಿರ ಹೋಗಬೇಡಿ. ಸಿಂಕಿನ ಎರಡು ಅಂಚಿನ ಮೇಲೆ ಕಂಬಿಯ ತುದಿಗಳನ್ನು ಇಟ್ಟು ಕೈ ಬಿಡಿ. ಭಾರದ ಕಡೆ ತಾನಾಗಿ ಕೆಳಗೆ ತಿರುಗುತ್ತದೆ. ಯಾವ ಕಡೆ ನಿಲ್ಲಿಸಿದರೂ ಅಲ್ಲೇ ನಿಂತರೆ ಸರಿ ಇದೆ ಅಂತ ಅರ್ಥ. ತಿರುಗಿದರೆ ಕಂಬಿ ಹೊರಗೆ ತೆಗೆದು ಮತ್ತೆ ಚುಚ್ಚಿ. ಒಂದೆರಡು ಸಲ ಚುಚ್ಚಿದರೆ ಮಾಂಸಕ್ಕೆ ಏನೂ ಆಗುವುದಿಲ್ಲ. ಸ್ವಲ್ಪ ಮಾತ್ರ ವಾಲುತ್ತಿದ್ದರೆ ಎದುರು ಭಾರದ ಬಟ್ಟು ಬಳಸಿ. 5 ಕಿಲೋ 2 ಸೆಂಟಿಮೀಟರ್ ಜಾರಿದ್ದನ್ನು ಸರಿದೂಗಿಸಲು ಅರ್ಧ ಕಿಲೋ ಬಟ್ಟು ಕಂಬಿಯಿಂದ 20 ಸೆಂಟಿಮೀಟರ್ ದೂರದಲ್ಲಿ, ಎದುರು ದಿಕ್ಕಿನಲ್ಲಿ ಇದ್ದರೆ ಸಾಕು. ನಮ್ಮ ಹಳೆ ತಕ್ಕಡಿಯ ಲೆಕ್ಕವೇ.

ಇನ್ನೊಂದು ಮಾತು. ಬೇಯುತ್ತಾ ಹೋದಂತೆ ನೆಣ ಕರಗುತ್ತದೆ, ಮಾಂಸ ಕುಗ್ಗುತ್ತದೆ, ಫೋರ್ಕ್ ಸಡಿಲವಾಗುತ್ತದೆ. ಆಗ ಕಂಬಿ ತಿರುಗುತ್ತದೆ, ಮಾಂಸ ತಿರುಗುವುದಿಲ್ಲ. ಅರ್ಧ ಗಂಟೆ ಆದ ಮೇಲೆ ಮೋಟಾರ್ ನಿಲ್ಲಿಸಿ, ದಪ್ಪ ಕೈಗವಸು ಹಾಕಿ ಸ್ಕ್ರೂ ಒಮ್ಮೆ ಬಿಗಿ ಮಾಡಿ.

ಹ್ಯೂಸ್ಟನ್_ಮಂಗಳೂರಿಗ

ಸಿಂಕಿನ ಉಪಾಯ ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್. ಮೋಟಾರ್ ಬದಲಿಸಲು ದುಡ್ಡು ಎತ್ತಿಟ್ಟಿದ್ದೆ. ಹೊತ್ತಿನ ಲೆಕ್ಕ ಎಲ್ಲಿ ತಪ್ಪಿತು ಅಂತ ಯಾರಾದರೂ ಹೇಳಿ. ಪೌಂಡಿಗೆ 20 ನಿಮಿಷ ಜಾಸ್ತಿಯಾಯಿತಾ?

ಹದಗಾತಿ

ಪೌಂಡಿಗೆ ಇಷ್ಟು ನಿಮಿಷ ಎಂಬ ಲೆಕ್ಕವನ್ನೇ ಬಿಟ್ಟುಬಿಡಿ. ನಾನು ನ್ಯೂಜೆರ್ಸಿಯಲ್ಲಿ 12 ವರ್ಷದಿಂದ ಹಬ್ಬಕ್ಕೆ ರೋಸ್ಟ್ ಮಾಡುತ್ತಿದ್ದೇನೆ. ಕೆಡಿಸಿದ್ದೆಲ್ಲ ಗಡಿಯಾರ ನೋಡಿದ ದಿನ.

ಕಾರಣ ಸರಳ. ಶಾಖ ಹೊರಗಿನಿಂದ ನಡುವಿಗೆ ಹೋಗಬೇಕು. ಅದಕ್ಕೆ ಬೇಕಾದ ಹೊತ್ತನ್ನು ತೀರ್ಮಾನಿಸುವುದು ದಪ್ಪ, ತೂಕ ಅಲ್ಲ. ಒಂದೇ ದಪ್ಪದ ತುಂಡು, ಒಂದು ಗೇಣು ಉದ್ದ, ಇನ್ನೊಂದು ಎರಡು ಗೇಣು ಉದ್ದ ಅಂದುಕೊಳ್ಳಿ. ತೂಕ ದುಪ್ಪಟ್ಟು, ಆದರೆ ಬೇಯುವ ಹೊತ್ತು ಹೆಚ್ಚು ಕಡಿಮೆ ಅಷ್ಟೇ. ಅದೇ ದಪ್ಪ ದುಪ್ಪಟ್ಟಾದರೆ ಹೊತ್ತು ಸುಮಾರು ನಾಲ್ಕು ಪಟ್ಟು ಆಗುತ್ತದೆ. ನಿಮ್ಮದು 5 ಮೂಳೆಯ ಉದ್ದ ತುಂಡು. 3 ಮೂಳೆಯದ್ದಕ್ಕಿಂತ ಬಹಳ ಹೊತ್ತೇನೂ ಬೇಡ. ನೀವು ತೂಕಕ್ಕೆ ನಿಮಿಷ ಸೇರಿಸುತ್ತಾ ಹೋದಿರಿ, ಮಾಂಸ ಬೆಂದು ಒಂದು ಗಂಟೆ ಮೇಲೂ ಬೆಂಕಿಯಲ್ಲೇ ಇತ್ತು.

ಹದ ಅನ್ನುವುದು ಒಳಗಿನ ಡಿಗ್ರಿ. 50ರ ಆಸುಪಾಸಿನಲ್ಲಿ ಮಯೋಸಿನ್ ಎಂಬ ಪ್ರೋಟೀನ್ ಗಟ್ಟಿಯಾಗುತ್ತದೆ. ಆಗ ಹಸಿ ಮಾಂಸದ ಲೊಳೆ ಹೋಗಿ ಕಚ್ಚಲು ಹಿತವಾಗುತ್ತದೆ. 60ರ ಹತ್ತಿರ ನಾರಿನ ಸುತ್ತಲಿನ ಪೊರೆ ಕುಗ್ಗಿ ರಸವನ್ನು ಹಿಂಡುತ್ತದೆ. 66 ದಾಟಿದರೆ ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನ್ ಕೂಡ ಬಿಗಿಯುತ್ತದೆ. ನಿಮ್ಮ 70 ಡಿಗ್ರಿ ಮಾಂಸ ನಾರಾಗಿದ್ದು ಅದಕ್ಕೇ. ರಿಬ್ ರೋಸ್ಟ್‌ಗೆ ತಟ್ಟೆಯಲ್ಲಿ 54ರಿಂದ 57 ನನ್ನ ಹದ. ಒಳಗೆ ಗುಲಾಬಿ, ನೆಣ ಮೆತ್ತಗೆ. ತಟ್ಟೆಗೆ ಇಳಿಯುವ ಕೆಂಪು ನೀರು ನೋಡಿ ಕೆಲವರು ರಕ್ತ ಅಂತ ಹಿಂಜರಿಯುತ್ತಾರೆ. ಅದು ರಕ್ತ ಅಲ್ಲ. ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಕರಗಿದ ರಸ.

ತಟ್ಟೆಯಲ್ಲಿ 55 ಬೇಕಾದರೆ ಬೆಂಕಿಯಿಂದ 50ಕ್ಕೇ ಇಳಿಸಬೇಕು. ಒಲೆ ಆರಿಸಿದ ಮೇಲೂ ಅನ್ನ ಅರಳುತ್ತದೆ ಅಲ್ವಾ, ಹಾಗೆ ಹೊರಗಿನ ಬಿಸಿ ಒಳಗೆ ಇಳಿಯುತ್ತಲೇ ಇರುತ್ತದೆ. ಇಷ್ಟು ದೊಡ್ಡ ತುಂಡಿನಲ್ಲಿ 4ರಿಂದ 6 ಡಿಗ್ರಿ ಏರುತ್ತದೆ. ಬೆಂಕಿ ಜೋರಾಗಿದ್ದಷ್ಟೂ ಆ ಏರಿಕೆ ಜಾಸ್ತಿ.

ಥರ್ಮಾಮೀಟರ್ ಚುಚ್ಚುವಾಗ ಒಂದು ಎಚ್ಚರ ಬೇಕು. ರೊಟಿಸರಿಯಲ್ಲಿ ನಡುವೆ ಕಬ್ಬಿಣದ ಕಂಬಿ ಇದೆ. ತುದಿ ಅದಕ್ಕೆ ತಾಗಿದರೆ ಕಂಬಿಯ ಬಿಸಿ ತೋರಿಸುತ್ತದೆ. ಕಂಬಿಗೂ ಹೊರಮೈಗೂ ಮಧ್ಯದ ಜಾಗದಲ್ಲಿ, ಮೂರ್ನಾಲ್ಕು ಕಡೆ ಚುಚ್ಚಿ ನೋಡಿ. ಸಿಕ್ಕಿದ್ದರಲ್ಲಿ ಅತಿ ಕಡಿಮೆ ಅಂಕಿಯನ್ನೇ ನಂಬಿ. ವೈರ್ ಇರುವ ಪ್ರೋಬ್ ಬೇಡ, ಕಂಬಿಗೆ ಸುತ್ತಿಕೊಳ್ಳುತ್ತದೆ. ವೈರ್‌ಲೆಸ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೋಟಾರ್ ನಿಲ್ಲಿಸಿ ಕೈ ಥರ್ಮಾಮೀಟರ್‌ನಿಂದ ನೋಡಿದರೂ ಆಗುತ್ತದೆ.

ವೇಲ್ಸ್_ವಾಸಿ

ಮೂರೂ ಬರ್ನರ್ ಹಚ್ಚಿದ್ದೆ ಅಂದಿರಿ. ಮಾಂಸದ ಕೆಳಗೆ ಬೆಂಕಿ ಇತ್ತು ಅಂತಾಯಿತು. ಬೆಂಕಿ ಇರಬೇಕಾದ್ದು ಪಕ್ಕದಲ್ಲಿ.

ನಾನಿರುವುದು ಕಾರ್ಡಿಫ್‌ನಲ್ಲಿ. ಇಲ್ಲಿಗೆ ಹತ್ತಿರದ ಆಬರ್‌ಗವೆನಿ ಊರಿನ ಮ್ಯೂಸಿಯಂನಲ್ಲಿ ಒಂದು ನಾಯಿಯನ್ನು ತುಂಬಿಸಿ ಇಟ್ಟಿದ್ದಾರೆ. ಹೆಸರು ವಿಸ್ಕಿ. ಕುಳ್ಳು ಕಾಲಿನ ಉದ್ದ ಮೈಯ ನಾಯಿ. ಬ್ರಿಟನ್ನಿನ ದೊಡ್ಡ ಅಡುಗೆಮನೆಗಳಲ್ಲಿ ಇಂಥ ನಾಯಿಗಳನ್ನು ಗೋಡೆಗೆ ಕೂರಿಸಿದ ಚಕ್ರದೊಳಗೆ ಓಡಿಸಿ ಮಾಂಸದ ಕಂಬಿ ತಿರುಗಿಸುತ್ತಿದ್ದರು. ಆಮೇಲೆ ಗಡಿಯಾರದ ಯಂತ್ರದಂಥ ಸಾಧನ ಬಂತು, 19ನೇ ಶತಮಾನದಲ್ಲಿ ಈ ನಾಯಿ ತಳಿಯೇ ಇಲ್ಲವಾಯಿತು. ಅದರ ಮುಂದೆ ನಿಂತಾಗ ಬೇಜಾರಾಯಿತು. ಗಂಟೆಗಟ್ಟಲೆ ಬೆಂಕಿಯ ಬಿಸಿಯಲ್ಲಿ ಓಡಬೇಕಿತ್ತು ಪಾಪ.

ಯಾಕೆ ಹೇಳಿದೆ ಅಂದರೆ, ಆ ಕಾಲದ ಅಡುಗೆಮನೆಗಳಲ್ಲಿ ಕಂಬಿ ಇರುತ್ತಿದ್ದುದು ಬೆಂಕಿಯ ಎದುರಿಗೆ. ಕೆಳಗೆ ಇರುತ್ತಿದ್ದುದು ನೆಣ ಹಿಡಿಯುವ ತಟ್ಟೆ. ಆ ತಟ್ಟೆಯಲ್ಲೇ ಹಿಟ್ಟು ಹುಯ್ದು ಬೇಯಿಸಿದ್ದು ಯಾರ್ಕ್‌ಶೈರ್ ಪುಡ್ಡಿಂಗ್‌ನ ಮೊದಲ ರೂಪ. ಎದುರಿನ ಬೆಂಕಿಯಿಂದ ಒಂದು ಮೈ ಬಿಸಿಯಾಗುತ್ತದೆ, ತಿರುಗಿ ಆಚೆ ಹೋದಾಗ ಸ್ವಲ್ಪ ತಣಿಯುತ್ತದೆ, ಮತ್ತೆ ಬಿಸಿಗೆ ಬರುತ್ತದೆ. ಹೊರಮೈ ಸುಡದೆ ಒಳಗೆ ನಿಧಾನವಾಗಿ ಬೇಯುವುದು ಹೀಗೆ. ಕರಗಿದ ನೆಣ ಸ್ವಲ್ಪ ಕೆಳಗೆ ತೊಟ್ಟಿಕ್ಕಿದರೂ ಉಳಿದದ್ದು ಮಾಂಸದ ಮೇಲೇ ಸುತ್ತುತ್ತಾ ಹೋಗುತ್ತದೆ.

ನೀವು ನಡುವಿನ ಬರ್ನರ್ ಆರಿಸಿ. ಎಡ ಬಲದ್ದು ಮಾತ್ರ ಇರಲಿ. ಮಾಂಸದ ನೇರ ಕೆಳಗೆ ಒಂದು ಅಲ್ಯೂಮಿನಿಯಂ ಟ್ರೇ ಇಟ್ಟು ಎರಡು ಲೋಟ ನೀರು ಹುಯ್ಯಿರಿ. ನೆಣ ನೀರಿಗೆ ಬಿದ್ದರೆ ಉರಿ ಏಳುವುದಿಲ್ಲ. ಇದ್ದಿಲು ಬಳಸುವವರು ಕೆಂಡವನ್ನು ಎರಡು ಪಕ್ಕಕ್ಕೆ ಗುಡ್ಡೆ ಮಾಡಬೇಕು.

ಹ್ಯೂಸ್ಟನ್_ಮಂಗಳೂರಿಗ

ನನ್ನ ಗ್ರಿಲ್‌ಗೆ ಹಿಂದುಗಡೆ ಒಂದು ಇನ್‌ಫ್ರಾರೆಡ್ ಬರ್ನರ್ ಇದೆ. ಅದನ್ನು ಹಚ್ಚಿರಲೇ ಇಲ್ಲ. ಯಾವಾಗ ಹಚ್ಚಬೇಕು? ಉಪ್ಪು ಯಾವಾಗ ಹಾಕಬೇಕು?

ಕೆಂಡದಮನೆ

ಹಿಂದಿನ ಬರ್ನರ್ ರೊಟಿಸರಿಗೆಂದೇ ಇರುವುದು. ಆದರೆ ಮೊದಲಿಂದ ಕೊನೆವರೆಗೂ ಅದನ್ನೇ ಉರಿಸಿದರೆ ದೊಡ್ಡ ತುಂಡಿನ ಹೊರಗಿನ ಎರಡು ಬೆರಳು ದಪ್ಪ ಬೂದಿ ಬಣ್ಣಕ್ಕೆ ಬರುತ್ತದೆ. ಮುಚ್ಚಳದೊಳಗೆ 150 ಡಿಗ್ರಿ ಇರುವಂತೆ ಪಕ್ಕದ ಬರ್ನರ್‌ಗಳಿಂದ ಬೇಯಿಸಿ. ಒಳಗೆ 45 ಆದಾಗ ಹಿಂದಿನದ್ದನ್ನು ಹಚ್ಚಿ, ಹತ್ತು ನಿಮಿಷದಲ್ಲಿ ಹೊರಮೈ ಕೆಂಪಗೆ ಗರಿಗರಿ ಆಗುತ್ತದೆ. ಕಣ್ಣು ಮಾತ್ರ ಆಚೀಚೆ ಹೋಗಬಾರದು.

ಹದಗಾತಿ

ಉಪ್ಪು ಎರಡು ದಿನ ಮೊದಲು. ನೀವು ಅದೇ ಬೆಳಗ್ಗೆ ಹಾಕಿದ್ದು ಸಾಲಲಿಲ್ಲ. ಮಾವಿನಕಾಯಿಗೆ ಉಪ್ಪು ಹಾಕಿಟ್ಟರೆ ಮೊದಲು ನೀರು ಬಿಡುತ್ತದೆ ಅಲ್ವಾ. ಮಾಂಸವೂ ಬಿಡುತ್ತದೆ. ಆ ನೀರಿನಲ್ಲಿ ಉಪ್ಪು ಕರಗಿ, ನಿಧಾನವಾಗಿ ಮಾಂಸವೇ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಇದಕ್ಕೆ ಹೊತ್ತು ಬೇಕು. ತೂಕದ ನೂರಕ್ಕೆ ಒಂದು ಪಾಲು ಉಪ್ಪು ಹಿಡಿಯಿರಿ, 5 ಕಿಲೋಗೆ 50 ಗ್ರಾಂ. ಚಮಚದಲ್ಲಿ ಅಳೆಯಬೇಡಿ. ಪುಡಿ ಉಪ್ಪು, ಹರಳು ಉಪ್ಪು ಚಮಚಕ್ಕೆ ಬೇರೆ ಬೇರೆ ತೂಗುತ್ತವೆ.

ಉಪ್ಪು ಹಚ್ಚಿ ಫ್ರಿಜ್‌ನಲ್ಲಿ ಮುಚ್ಚದೆ ಇಡಿ. ಹೊರಮೈ ಒಣಗಿ ಚರ್ಮದ ಹಾಗೆ ಆಗುತ್ತದೆ. ಒದ್ದೆ ಮೈ ಕೆಂಪಾಗುವುದಿಲ್ಲ, ನೀರು ಆರುವ ತನಕ ಅದು 100 ಡಿಗ್ರಿ ದಾಟುವುದೇ ಇಲ್ಲ. ಬೆಳ್ಳುಳ್ಳಿ ಮೊದಲಿಗೇ ಹಚ್ಚಬೇಡಿ, ಸುಟ್ಟು ಕಹಿಯಾಗುತ್ತದೆ. ಬೆಣ್ಣೆಯಲ್ಲಿ ಕಾಯಿಸಿ ಕೊನೆಗೆ ಸವರಿ.

ಅಂಗಡಿಯಲ್ಲಿ ಪ್ರೈಮ್ ರಿಬ್ ಅಂತ ಬರೆದದ್ದೆಲ್ಲ ಪ್ರೈಮ್ ದರ್ಜೆಯದ್ದಲ್ಲ. ಅದು ಈ ರಿಬ್ ರೋಸ್ಟ್ ತುಂಡಿನದ್ದೇ ಇನ್ನೊಂದು ಹೆಸರು. ಅಮೆರಿಕದ ಕೃಷಿ ಇಲಾಖೆಯ ದರ್ಜೆ ಬೇರೆ: ಪ್ರೈಮ್, ಚಾಯ್ಸ್, ಸೆಲೆಕ್ಟ್. ಒಳ್ಳೆಯ ಚಾಯ್ಸ್ ಸಿಕ್ಕಿದರೆ ಧಾರಾಳ ಸಾಕು.

ಪೋರ್ತೊಅಲೆಗ್ರಿ_ಕನ್ನಡಿಗ

ನಾನು ಕೆಲಸಕ್ಕೆ ಬಂದು ನೆಲೆಸಿದ್ದು ಬ್ರೆಜಿಲ್‌ನ ರಿಯೊ ಗ್ರಾಂಡೆ ದೊ ಸುಲ್ ರಾಜ್ಯದಲ್ಲಿ. ಇಲ್ಲಿನವರಿಗೆ ಭಾನುವಾರ ಅಂದರೆ ಶುರಾಸ್ಕೊ, ಅಂದರೆ ಕೆಂಡದ ಮೇಲೆ ಮಾಂಸ. ಗಾಉಶೊ ಅನ್ನುವ ದನಗಾಹಿಗಳಿಂದ ಬಂದ ಪದ್ಧತಿ. ನೆಲದಲ್ಲಿ ಬೆಂಕಿ ಹಾಕಿ, ಪಕ್ಕೆಲುಬಿನ ಇಡೀ ತುಂಡನ್ನು ಕೋಲಿಗೆ ಸಿಕ್ಕಿಸಿ ಬೆಂಕಿಯ ಪಕ್ಕ ನೆಟ್ಟು ಗಂಟೆಗಟ್ಟಲೆ ಬಿಡುತ್ತಾರೆ. ವೇಲ್ಸ್ ಗೆಳೆಯರು ಹೇಳಿದ್ದೇ ಇಲ್ಲಿಯೂ, ಬೆಂಕಿ ಪಕ್ಕದಲ್ಲಿ.

ದೊಡ್ಡ ತುಂಡು ಬೇಕು ಆದರೆ 5 ಕಿಲೋ ಹೆದರಿಕೆ ಅನ್ನುವವರು ಪಿಕಾನ್ಯಾದಿಂದ ಶುರು ಮಾಡಿ. ಸೊಂಟದ ಮೇಲಿನ ತ್ರಿಕೋನದ ತುಂಡು ಅದು, ಒಂದು ಕಡೆ ಬೆರಳು ದಪ್ಪ ನೆಣದ ಹೊದಿಕೆ. ಒಂದು ಒಂದೂವರೆ ಕಿಲೋ ಇರುತ್ತದೆ. ಅದಕ್ಕಿಂತ ದೊಡ್ಡದು ಕೊಟ್ಟರೆ ಪಕ್ಕದ ಗಟ್ಟಿ ಮಾಂಸವನ್ನೂ ಸೇರಿಸಿ ಕತ್ತರಿಸಿರುತ್ತಾರೆ ಅಂತ ಇಲ್ಲಿನವರು ತೆಗೆದುಕೊಳ್ಳುವುದೇ ಇಲ್ಲ. ನಾರಿನ ಜಾಡು ನೋಡಿ ದಪ್ಪ ಹೋಳು ಮಾಡಿ, ಪ್ರತಿ ಹೋಳನ್ನೂ ಅರ್ಧಚಂದ್ರದ ಹಾಗೆ ಬಗ್ಗಿಸಿ, ನೆಣ ಹೊರಗಿರುವಂತೆ ಕಂಬಿಗೆ ಪೋಣಿಸುತ್ತಾರೆ. ಹಾಕುವುದು ಹರಳು ಉಪ್ಪು ಮಾತ್ರ. ಮಸಾಲೆ ಹಚ್ಚಲು ಹೋದಾಗ ಪಕ್ಕದ ಮನೆಯ ಅಜ್ಜ ನನ್ನ ಕೈ ಹಿಡಿದು ನಿಲ್ಲಿಸಿದ್ದರು. ತಿಂದ ಮೇಲೆ ಅವರ ಮಾತು ಒಪ್ಪಿದೆ.

ಹೊರಗೆ ಬೆಂದಷ್ಟನ್ನು ಕೊಯ್ದು ಬಡಿಸಿ, ಉಳಿದದ್ದನ್ನು ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಹಾಗಾಗಿ ಎಲ್ಲರಿಗೂ ಗರಿಗರಿ ಅಂಚು ಸಿಗುತ್ತದೆ.

ಶಿವಾಜಿನಗರ_ಊಟ

ಬೆಂಗಳೂರಿನಿಂದ ಓದುತ್ತಿದ್ದೇನೆ. ಇಲ್ಲಿ ಸಿಗುವುದು ಎಮ್ಮೆ, ಕೋಣದ ಮಾಂಸ. ನನ್ನ ಬಳಿ ಚಿಕನ್‌ಗೆ ತಂದ ರೊಟಿಸರಿ ಓವನ್ ಇದೆ. ತೊಡೆಯ ಒಂದು ದೊಡ್ಡ ತುಂಡು ಹಾಕಬಹುದಾ?

ಕೆಂಡದಮನೆ

ತೊಡೆ ಬೇಡ. ಕರ್ನಾಟಕದ 2020ರ ಕಾಯ್ದೆಯಲ್ಲಿ ಕಡಿಯಲು ಅವಕಾಶ ಇರುವುದು 13 ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ. ಅಷ್ಟು ವಯಸ್ಸಾದ ಪ್ರಾಣಿಯ ಮಾಂಸದಲ್ಲಿ ಕೊಲಾಜನ್, ಅಂದರೆ ನಾರುಗಳನ್ನು ಹಿಡಿದಿಡುವ ಪ್ರೋಟೀನ್, ಗಟ್ಟಿಯಾಗಿರುತ್ತದೆ. ಅದು ಮೆತ್ತಗಾಗಲು 70 ಡಿಗ್ರಿ ಮೇಲೆ ಹಲವು ಗಂಟೆ, ತೇವದಲ್ಲಿ ಬೇಯಬೇಕು. ಎಮ್ಮೆ ಮಾಂಸದ ನಾರಿನ ನಡುವೆ ನೆಣವೂ ಕಡಿಮೆ. ರೊಟಿಸರಿಯ ಒಣ ಶಾಖದಲ್ಲಿ ಮೆತ್ತಗಾಗುವ ಮೊದಲೇ ಒಣಗಿ ಹೋಗುತ್ತದೆ. ತೊಡೆಗೆ ಕುಕ್ಕರ್, ಆಮೇಲೆ ಸುಕ್ಕ ಅಥವಾ ಪೆಪ್ಪರ್ ಫ್ರೈ. ಅದರ ರುಚಿಯೇ ಬೇರೆ, ಅದೇನು ಕಡಿಮೆಯದ್ದಲ್ಲ.

ರೊಟಿಸರಿಯಲ್ಲೇ ಆಗಬೇಕು ಅಂದರೆ ಅಂಗಡಿಯಲ್ಲಿ ಅಂಡರ್‌ಕಟ್ ಕೇಳಿ. ಬೆನ್ನಿನ ಒಳಗಿನ ಆ ಮಾಂಸಖಂಡ ಕೆಲಸವೇ ಮಾಡುವುದಿಲ್ಲ, ಮುದಿ ಪ್ರಾಣಿಯಲ್ಲೂ ಮೆತ್ತಗಿರುತ್ತದೆ. ಸಣ್ಣ ತುದಿಯನ್ನು ಒಳಗೆ ಮಡಿಸಿ ಕಟ್ಟಿ ದಪ್ಪ ಸಮ ಮಾಡಿ. ನೆಣ ಇಲ್ಲದ್ದರಿಂದ ಬೆಣ್ಣೆ ಸವರುತ್ತಾ ಇರಿ. ಪಪ್ಪಾಯಿ ಹಚ್ಚುವುದು ಬೇಡ, ಜಾಸ್ತಿ ಹೊತ್ತು ಬಿಟ್ಟರೆ ಹೊರಮೈ ಹಿಟ್ಟಿನಂತಾಗುತ್ತದೆ.

ನರ್ಸಮ್ಮ_ಡಲ್ಲಾಸ್

14 ಜನ ಬರುತ್ತಾರೆ ಅಂದಿರಿ. ಅದರಲ್ಲಿ ವಯಸ್ಸಾದವರು, ಬಸುರಿಯರು, ಚಿಕ್ಕ ಮಕ್ಕಳು ಇದ್ದರೆ ಇದನ್ನು ಓದಿ. ಅಮೆರಿಕದ ಕೃಷಿ ಇಲಾಖೆ ಇಡೀ ಬೀಫ್ ತುಂಡಿಗೆ ಹೇಳುವುದು 63 ಡಿಗ್ರಿ, ಮೇಲೆ 3 ನಿಮಿಷ ವಿಶ್ರಾಂತಿ. ಕೀಮಾಗೆ 71. ಇಡೀ ತುಂಡಿನಲ್ಲಿ ಕ್ರಿಮಿ ಸಾಮಾನ್ಯವಾಗಿ ಹೊರಮೈಯಲ್ಲೇ ಇರುತ್ತದೆ, ಅದಕ್ಕೇ ಒಳಗೆ ಗುಲಾಬಿ ಇರುವುದನ್ನು ತುಂಬಾ ಜನ ತಿನ್ನುತ್ತಾರೆ. ಆದರೆ ಮೆತ್ತಗಾಗಲಿ ಅಂತ ಯಂತ್ರದ ಸೂಜಿಯಿಂದ ಚುಚ್ಚಿದ ಮಾಂಸದಲ್ಲಿ ಹೊರಗಿನದ್ದು ಒಳಗೆ ಹೋಗಿರುತ್ತದೆ. 2016ರಿಂದ ಇಲ್ಲಿ ಅದನ್ನು ಲೇಬಲ್ ಮೇಲೆ ಬರೆಯುವುದು ಕಡ್ಡಾಯ. ಓದಿ ತೆಗೆದುಕೊಳ್ಳಿ. ಕಂಬಿ, ಫೋರ್ಕ್ ಎರಡನ್ನೂ ಸೋಪು ಹಾಕಿ ತೊಳೆದು ಆಮೇಲೆ ಚುಚ್ಚಿ.

ಜಾಸ್ತಿ ಬೇಯಬೇಕಾದವರ ಹೋಳನ್ನು ಕುದಿಯುವ ಗ್ರೇವಿಯಲ್ಲಿ ಅದ್ದಿ, ಗುಲಾಬಿ ಬಣ್ಣ ಪೂರ್ತಿ ಹೋಗುವ ತನಕ ಬಿಡಿ. ಎಲ್ಲರಿಗಾಗಿ ಇಡೀ ತುಂಡನ್ನು ಬೇಯಿಸಿ ಒಣಗಿಸುವುದು ಬೇಡ.

ಹ್ಯೂಸ್ಟನ್_ಮಂಗಳೂರಿಗ

ಕ್ರಿಸ್‌ಮಸ್ ಮುಗಿಯಿತು. ಹೇಳಿದ್ದನ್ನೆಲ್ಲ ಮಾಡಿದೆ.

5.3 ಕಿಲೋ ತಂದೆ. ಮೂಳೆ ಬಿಡಿಸಿದ ಮೇಲೆ 4.2 ಕಿಲೋ ಉಳಿಯಿತು. 42 ಗ್ರಾಂ ಉಪ್ಪು ಹಚ್ಚಿ ಎರಡು ರಾತ್ರಿ ಫ್ರಿಜ್‌ನಲ್ಲಿ ಬಿಟ್ಟೆ. ಹುರಿ ಕಟ್ಟಲು ಹೆಂಡತಿ ಹಿಡಿದುಕೊಂಡಳು. ಸಿಂಕಿನ ಮೇಲೆ ಇಟ್ಟಾಗ ಮೊದಲ ಸಲ ಗರ್ರನೆ ತಿರುಗಿತು. ಮೂರನೇ ಸಲ ಚುಚ್ಚಿದಾಗ ಎಲ್ಲಿ ಬಿಟ್ಟರೂ ಅಲ್ಲೇ ನಿಂತಿತು. ಆ ಕ್ಷಣದಲ್ಲೇ ನನಗೆ ಧೈರ್ಯ ಬಂತು. ಅದೇ ಹಳೆ ಮೋಟಾರ್, ಸದ್ದೇ ಇಲ್ಲದೆ ತಿರುಗಿತು.

ಮಧ್ಯಾಹ್ನ 1.30ಕ್ಕೆ ಶುರು. ಮುಚ್ಚಳದೊಳಗೆ 150 ಡಿಗ್ರಿ. ಅರ್ಧ ಗಂಟೆಗೆ ಫೋರ್ಕ್ ನೋಡಿದರೆ ನಿಜಕ್ಕೂ ಸಡಿಲವಾಗಿತ್ತು, ಬಿಗಿ ಮಾಡಿದೆ. ಶುರು ಮಾಡಿ ಒಂದು ಗಂಟೆ ಆದಾಗ ಒಳಗೆ 18, ಎರಡು ಗಂಟೆ ಆದಾಗ 40. ಎರಡೂಕಾಲು ಗಂಟೆ ಆದಾಗ 45 ಮುಟ್ಟಿತು, ಹಿಂದಿನ ಬರ್ನರ್ ಹಚ್ಚಿದೆ. ಸಂಜೆ 4ಕ್ಕೆ, ಅಂದರೆ ಎರಡೂವರೆ ಗಂಟೆ ಆದಾಗ 50. ಇಳಿಸಿ ಮರದ ಹಲಗೆಯ ಮೇಲೆ ಅರ್ಧ ಗಂಟೆ ಸುಮ್ನೆ ಬಿಟ್ಟೆ, ಕಂಬಿಯನ್ನು ಮಾತ್ರ ಬಿಸಿ ಇರುವಾಗಲೇ ಎಳೆದೆ. ಒಳಗೆ 56ರ ತನಕ ಏರಿ ನಿಂತಿತು. ಪೌಂಡಿಗೆ 20 ನಿಮಿಷದ ಲೆಕ್ಕ ಹಿಡಿದಿದ್ದರೆ ಇನ್ನೂ ಅರ್ಧ ಗಂಟೆ ಮೇಲೆ ಸುಡುತ್ತಿದ್ದೆ.

ಕತ್ತರಿಸಿದಾಗ ಅಂಚಿನಿಂದ ಅಂಚಿಗೆ ಗುಲಾಬಿ, ಹೊರಗೆ ತೆಳ್ಳಗಿನ ಗರಿಗರಿ ಪದರ. ಅಮ್ಮ ಊರಿಂದ ಬಂದಿದ್ದಾರೆ. ಒಳಗೆ ಕೆಂಪಗಿರುವ ಮಾಂಸ ಮುಟ್ಟುವವರಲ್ಲ. ಅವರ ಹೋಳನ್ನು ಗ್ರೇವಿಯಲ್ಲಿ ಬೇಯಿಸಿ ಕೊಟ್ಟೆ, ಎರಡನೇ ಸಲ ಕೇಳಿ ಹಾಕಿಸಿಕೊಂಡರು.

ಹದಗಾತಿ

ಓದಿ ತುಂಬಾ ಖುಷಿಯಾಯಿತು. ಮೂಳೆ ಏನು ಮಾಡಿದಿರಿ? ಗ್ರೇವಿ ಅದರದ್ದೇನಾ?

ಹ್ಯೂಸ್ಟನ್_ಮಂಗಳೂರಿಗ

ಹೌದು. ಹಿಂದಿನ ದಿನವೇ ಮೂಳೆ ಓವನ್‌ನಲ್ಲಿ ಕೆಂಪಗೆ ಹುರಿದು, ಈರುಳ್ಳಿ ಹಾಕಿ ನಾಲ್ಕು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ ಸೋಸಿಟ್ಟೆ. ಟ್ರೇನಲ್ಲಿ ಬಿದ್ದ ರಸದಿಂದ ಮೇಲಿನ ನೆಣ ತೆಗೆದು ಅದಕ್ಕೆ ಸೇರಿಸಿದೆ. ಅಮ್ಮ ಊರಿಂದ ತಂದಿದ್ದ ಬಫಾತ್ ಪುಡಿ (ಮಂಗಳೂರು ಕಡೆಯ ಮಸಾಲೆ ಪುಡಿ) ಎರಡು ಚಮಚ, ಸ್ವಲ್ಪ ವಿನೆಗರ್, ಅರ್ಧ ಆಗುವ ತನಕ ಬತ್ತಿಸಿದೆ. ಮಾಂಸಕ್ಕೆ ಉಪ್ಪು ಮೆಣಸು ಮಾತ್ರ, ನಮ್ಮ ಮಸಾಲೆ ಎಲ್ಲ ಗ್ರೇವಿಯಲ್ಲಿ. ಜೊತೆಗೆ ಸನ್ನಾ, ನಮ್ಮ ಕಡೆಯ ಇಡ್ಲಿಯಂಥ ತಿಂಡಿ. ಮರುದಿನ ಉಳಿದ ತಣ್ಣನೆ ಹೋಳುಗಳನ್ನು ತೆಳ್ಳಗೆ ಕೊಯ್ದು ಅದೇ ಗ್ರೇವಿಯಲ್ಲಿ ಬಿಸಿ ಮಾಡಿ ಬ್ರೆಡ್‌ಗೆ ಹಾಕಿಕೊಂಡು ತಿಂದೆವು.